ಪೊರೆ ತೆಗೆದದ್ದು ಒಳಗೆ, ಆಕಾರ ಬದಲಾದದ್ದು ಹೊರಗೆ

ಪೊರೆ ಆಪರೇಷನ್ ಆದ ವಾರದಲ್ಲೇ ಹೊಸ ಕನ್ನಡಕ ಬೇಕು ಅಂತ ಅವಸರ ಮಾಡುವವರು ಬಹಳ. ಡಾಕ್ಟರು ಮಾತ್ರ ಒಂದು ತಿಂಗಳು ತಡೀರಿ ಎನ್ನುತ್ತಾರೆ. ಮಂಜಾದ ಮಸೂರ ತೆಗೆದು ಹೊಸದು ಕೂರಿಸಿ ಆಯ್ತಲ್ಲ, ಮತ್ತೇಕೆ ಕಾಯಬೇಕು? ಕಾಯಬೇಕಾದದ್ದು ಮಸೂರಕ್ಕಲ್ಲ, ಅದರ ಮುಂದಿರುವ ಕಾರ್ನಿಯಾಗೆ.

ಕಾರ್ನಿಯಾ ಅಂದರೆ ಕರಿಗುಡ್ಡೆಯ ಮೇಲಿನ ಗಾಜಿನಂಥ ಗುಮ್ಮಟ. ನಡುವೆ ಅದರ ದಪ್ಪ ಅರ್ಧ ಮಿಲಿಮೀಟರಿಗಿಂತ ಚೂರು ಜಾಸ್ತಿ, ಅಷ್ಟೇ. ಆದರೆ ಕಣ್ಣಿನ ಒಟ್ಟು ಪವರ್‌ನಲ್ಲಿ ಸುಮಾರು ಮೂರನೇ ಎರಡು ಪಾಲು, ಅಂದರೆ 43 ಡಯಾಪ್ಟರ್‌ನಷ್ಟು (ಡಯಾಪ್ಟರ್ ಅಂದರೆ ಮಸೂರದ ಪವರ್ ಅಳೆಯುವ ಮಾನ), ಇದರದ್ದೇ. ಅದರ ಬಾಗಿನ ತ್ರಿಜ್ಯ 7.8 ಮಿ.ಮೀ. ಆಸುಪಾಸು. ಅದು 0.2 ಮಿ.ಮೀ. ಬದಲಾದರೆ ಸಾಕು, ನಂಬರ್ ಒಂದು ಡಯಾಪ್ಟರ್ ಆಚೀಚೆ!

ಮಸೂರ ತಲುಪಲು ಈ ಗುಮ್ಮಟದ ಅಂಚಿನಲ್ಲೇ ಸೀಳಬೇಕು. ಸೀಳಿದ ಜಾಗ ಮೊದಲು ಊದಿಕೊಳ್ಳುತ್ತದೆ, ನಿಧಾನವಾಗಿ ಇಳಿಯುತ್ತದೆ. ಮಾಯುವಾಗ ಅಲ್ಲಿ ಸ್ವಲ್ಪ ಸಡಿಲ ಉಳಿಯುತ್ತದೆ. ಆ ದಿಕ್ಕಿನಲ್ಲಿ ಗುಮ್ಮಟ ಚಪ್ಪಟೆಯಾಗುತ್ತದೆ, ಅದಕ್ಕೆ ಅಡ್ಡವಾದ ದಿಕ್ಕಿನಲ್ಲಿ ಉಬ್ಬುತ್ತದೆ. ರಬ್ಬರ್ ಚೆಂಡನ್ನು ಮೇಲಿಂದ ಒತ್ತಿದರೆ ಅಕ್ಕಪಕ್ಕ ಉಬ್ಬುತ್ತಲ್ವಾ, ಹೆಚ್ಚು ಕಡಿಮೆ ಹಾಗೆ. ಕನ್ನಡಕದ ಚೀಟಿಯಲ್ಲಿ 'ಸಿಲಿಂಡರ್' ಅಂತ ಬರೆಯುವುದು ಈ ಓರೆಕೋರೆಯನ್ನೇ.

ಹಿಂದೆ ಈ ಸೀಳು 10ರಿಂದ 12 ಮಿ.ಮೀ. ಇರುತ್ತಿತ್ತು, ಹೊಲಿಗೆ ಬೇಕೇ ಬೇಕು. ಆಗ ಕಥೆ ಉಲ್ಟಾ. ದಾರ ಬಿಗಿಯಾದರೆ ಬಟ್ಟೆ ಸುಕ್ಕಾಗುವಂತೆ ಕಾರ್ನಿಯಾ ಅಂಚಿನಲ್ಲಿ ಹಿಂಡಿಹೋಗಿ, ಆ ದಿಕ್ಕಿನಲ್ಲಿ ನಡುಭಾಗ ಕಡಿದಾಗುತ್ತಿತ್ತು. ಕೆಲವು ವಾರ ಬಿಟ್ಟು ಒಂದೆರಡು ಹೊಲಿಗೆ ಕತ್ತರಿಸಿದರೆ ಸಿಲಿಂಡರ್ ಇಳಿಯುತ್ತಿತ್ತು. ದರ್ಜಿ ಕೆಲಸವೇ ಅನ್ನಿ!

1967ರಲ್ಲಿ ಅಮೆರಿಕದ ಕಣ್ಣಿನ ಡಾಕ್ಟರು ಚಾರ್ಲ್ಸ್ ಕೆಲ್ಮನ್ ಶ್ರವಣಾತೀತ (ಅಲ್ಟ್ರಾಸೌಂಡ್) ಕಂಪನದಿಂದ ಪೊರೆಯನ್ನು ಪುಡಿಮಾಡಿ ಹೀರುವ ವಿಧಾನ ತಂದರು. ಮಡಚುವ ಮಸೂರವೂ ಬಂದ ಮೇಲೆ ಸೀಳು 2ರಿಂದ 3 ಮಿ.ಮೀ.ಗೆ ಇಳಿಯಿತು. ಸಾಮಾನ್ಯವಾಗಿ ಹೊಲಿಗೆಯೇ ಬೇಡ. ಆಕಾರದ ಬದಲಾವಣೆ ಹೆಚ್ಚಾಗಿ ಅರ್ಧ ಡಯಾಪ್ಟರ್ ಒಳಗೇ.

ನನಗೆ ಇಷ್ಟವಾಗುವುದು ಡಾಕ್ಟರುಗಳ ಜಾಣತನ. ವಯಸ್ಸಾದಂತೆ ಎಷ್ಟೋ ಜನರ ಕಾರ್ನಿಯಾ ಅಡ್ಡಡ್ಡ ಕಡಿದಾಗುತ್ತದೆ. ಅಂಥವರಿಗೆ ಕಿವಿಯ ಕಡೆಯಿಂದ ಸೀಳಿದರೆ ಅದೇ ದಿಕ್ಕು ಚಪ್ಪಟೆಯಾಗಿ ಹಳೆ ಸಿಲಿಂಡರ್ ಚೂರು ಕರಗುತ್ತದೆ. ಸಿಲಿಂಡರ್ ಜಾಸ್ತಿ ಇದ್ದವರಿಗೆ ಅದನ್ನೂ ಸರಿಪಡಿಸುವ ಟೋರಿಕ್ ಮಸೂರ ಹಾಕುತ್ತಾರೆ. ಅದರ ಪವರ್ ಲೆಕ್ಕ ಹಾಕುವಾಗ, ಇನ್ನೂ ಹಾಕದ ಸೀಳು ಮುಂದೆ ತರಲಿರುವ ಬದಲಾವಣೆಯನ್ನೂ ಮೊದಲೇ ಸೇರಿಸಿಕೊಂಡಿರುತ್ತಾರೆ.