ಇರುವೆ ಗೂಡಿಗೆಲ್ಲ ಒಂದೇ ಹೊಟ್ಟೆ

ಮನೆಯಲ್ಲಿ ಇರುವೆ ಸಾಕುತ್ತೇನೆ ಅಂತ ಯಾರಿಗಾದರೂ ಹೇಳಿದರೆ ತಕ್ಷಣ ಬರುವ ಪ್ರಶ್ನೆ ಒಂದೇ: "ಸಕ್ಕರೆ ಹಾಕ್ತೀರಾ?" ಹಾಕುತ್ತೇನೆ. ಆದರೆ ಬರೀ ಸಕ್ಕರೆ ಕೊಟ್ಟರೆ ಗೂಡು ಬೆಳೆಯುವುದಿಲ್ಲ, ಇದ್ದಷ್ಟೇ ಇದ್ದು ಮೆಲ್ಲಗೆ ಕರಗಿಹೋಗುತ್ತದೆ. ಇದು ಯಾಕೆ ಹೀಗೆ ಅಂತ ಹುಡುಕುತ್ತಾ ಹೋದಾಗ ನನಗೆ ಸಿಕ್ಕ ವಿಷಯ ಎಷ್ಟು ಚಂದ ಇದೆಯೆಂದರೆ, ಇರುವೆಯ ಬಗ್ಗೆ ಒಂದೇ ಒಂದು ಮಾತು ಹೇಳು ಅಂತ ಯಾರಾದರೂ ಕೇಳಿದರೆ ನಾನು ಅದನ್ನೇ ಹೇಳುತ್ತೇನೆ. ಇರುವೆಗೆ ಎರಡು ಹೊಟ್ಟೆ. ಒಂದು ಅದರದ್ದು. ಇನ್ನೊಂದು ಊರಿನದ್ದು.

ನನ್ನ ಹತ್ತಿರ ಇರುವುದು ಗೊದ್ದ. ಅದೇ, ಅಂಗಳದಲ್ಲಿ, ಮರದ ಬುಡದಲ್ಲಿ ಓಡಾಡುವ ದೊಡ್ಡ ಕಪ್ಪಿರುವೆ. ವಿಜ್ಞಾನದ ಹೆಸರು ಕ್ಯಾಂಪೊನೋಟಸ್ ಕಂಪ್ರೆಸಸ್. ಹೊಸದಾಗಿ ಸಾಕುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ ಅಂತ ನನ್ನ ಅಭಿಪ್ರಾಯ. ಕಣ್ಣಿಗೆ ಚೆನ್ನಾಗಿ ಕಾಣುತ್ತದೆ, ಕೊಂಡಿ ಇಲ್ಲ, ನಮ್ಮದೇ ಊರಿನ ಇರುವೆ. ಕಚ್ಚುತ್ತದೆ, ಕಚ್ಚಿದ ಜಾಗಕ್ಕೆ ಆಮ್ಲ ಬಿಡುತ್ತದೆ, ಅಷ್ಟೇ.

ಇದರ ರಾಣಿ ಸಿಕ್ಕಿದ್ದು ಒಂದು ಸಂಜೆ, ಮಳೆ ನಿಂತ ಮೇಲೆ. ವರಾಂಡದ ದೀಪದ ಕೆಳಗೆ ರೆಕ್ಕೆ ಇರುವೆಗಳು ಬಿದ್ದಿದ್ದವು. ಪಕ್ಕದ ಮನೆಯ ಅಜ್ಜಿ ನೋಡಿ "ರೆಕ್ಕೆ ಬಂತು ಅಂದ್ರೆ ಇರುವೆಗೆ ಸಾವು ಬಂತು ಅಂತ ಕಣಪ್ಪ" ಅಂದರು. ಈ ಮಾತು ಅರ್ಧ ನಿಜ. ಗಂಡಿರುವೆಗಳು ಕೂಡಿದ ಮೇಲೆ ಸಾಯುತ್ತವೆ. ಹೆಣ್ಣಿರುವೆಗಳಲ್ಲೂ ಹೆಚ್ಚಿನವು ಹಕ್ಕಿ, ಹಲ್ಲಿಗಳ ಪಾಲಾಗುತ್ತವೆ. ಉಳಿದ ಹೆಣ್ಣು ಮಾತ್ರ ತನ್ನ ರೆಕ್ಕೆಯನ್ನು ತಾನೇ ಕಿತ್ತು ಎಸೆದು ನೆಲದೊಳಗೆ ಹೋಗುತ್ತದೆ, ಅಲ್ಲಿಂದ ವರ್ಷಗಟ್ಟಲೆ ಬದುಕುತ್ತದೆ. ಫ್ರಾನ್ಸಿನ ವಿಜ್ಞಾನಿ ರಿಯೊಮ್ಯುರ್ 1740ರ ದಶಕದಲ್ಲೇ ಇದನ್ನು ಗಮನಿಸಿ ಬರೆದಿಟ್ಟಿದ್ದರು. ಆ ಹಸ್ತಪ್ರತಿ ಅಚ್ಚಾಗಿದ್ದು ಮಾತ್ರ 1926ರಲ್ಲಿ, ಹತ್ತಿರ ಹತ್ತಿರ ಇನ್ನೂರು ವರ್ಷ ಬಿಟ್ಟು. ಯುರೋಪಿನ ಒಂದು ಸಣ್ಣ ಕಪ್ಪಿರುವೆಯ ರಾಣಿ ಸಾಕಿದವರ ಮನೆಯಲ್ಲಿ 28 ವರ್ಷಕ್ಕೂ ಮೇಲೆ ಬದುಕಿದ ದಾಖಲೆ ಇದೆ. ಅಂಥ ಜೀವಕ್ಕೆ ರೆಕ್ಕೆ ಬಂದಿದ್ದು ಸಾವಿಗಾ?

ರೆಕ್ಕೆ ಕಿತ್ತುಕೊಂಡು ಗೋಡೆ ಪಕ್ಕ ಓಡುತ್ತಿದ್ದ ಒಂದನ್ನು ಹಿಡಿದೆ. ಒಂದು ಟೆಸ್ಟ್ ಟ್ಯೂಬ್. ಮೂರನೇ ಒಂದು ಭಾಗ ನೀರು, ಅದನ್ನು ತಡೆಯಲು ಹತ್ತಿ, ಈಚೆಗೆ ರಾಣಿ, ಬಾಯಿಗೆ ಇನ್ನೊಂದು ಹತ್ತಿ. ಬಟ್ಟೆ ಸುತ್ತಿ ಕಪಾಟಿನಲ್ಲಿ ಇಟ್ಟು ಮರೆತುಬಿಡಬೇಕು. ಊಟ ಹಾಕಬಾರದು. ಹೌದು, ಒಂದೂವರೆ ತಿಂಗಳ ಹತ್ತಿರ ಏನೂ ಕೊಡಬಾರದು. ಹಾರಲು ಬೇಕಿದ್ದ ದಪ್ಪ ಸ್ನಾಯು ಅವಳ ಎದೆಯೊಳಗೆ ಇನ್ನೂ ಇರುತ್ತದೆ. ಅದು ಈಗ ಬೇಡ. ಅದನ್ನು ಕರಗಿಸಿ, ಮೈಯಲ್ಲಿದ್ದ ಕೊಬ್ಬು ಸೇರಿಸಿ, ಬಾಯಿಂದ ಹನಿ ಹನಿಯಾಗಿ ಮೊದಲ ಮಕ್ಕಳಿಗೆ ಉಣಿಸುತ್ತಾಳೆ. ದಿನಾ ತೆಗೆದು ಟಾರ್ಚ್ ಬಿಟ್ಟು ನೋಡುವವರ ರಾಣಿ ಗಾಬರಿಯಾಗಿ ತನ್ನ ಮೊಟ್ಟೆ ತಾನೇ ತಿನ್ನುತ್ತಾಳೆ. ವಾರಕ್ಕೊಮ್ಮೆ ನೋಡಿದರೆ ಸಾಕು.

ಈಗ ಹೊಟ್ಟೆಯ ವಿಷಯಕ್ಕೆ ಬರೋಣ.

ಇರುವೆಯ ಸೊಂಟ ನೋಡಿದ್ದೀರಲ್ಲ, ದಾರದ ಹಾಗೆ. ಬಾಯಿ ಈ ಕಡೆ, ಹೊಟ್ಟೆ ಆ ಕಡೆ, ನಡುವೆ ಆ ದಾರ. ಅನ್ನನಾಳ ಅದರೊಳಗಿಂದಲೇ ಹೋಗಬೇಕು. ಹಾಗಾಗಿ ಬೆಳೆದ ಇರುವೆ ಗಟ್ಟಿ ಪದಾರ್ಥ ನುಂಗುವುದಿಲ್ಲ. ಬಾಯಿಯ ಒಳಗೆ ಒಂದು ಸಣ್ಣ ಚೀಲ ಇದೆ, ಟೀ ಸೋಸುವ ಜಾಲರಿಯ ಕೆಲಸ ಅದರದ್ದು. ಚರಟ ಅಲ್ಲೇ ನಿಲ್ಲುತ್ತದೆ, ಉಂಡೆ ಕಟ್ಟಿ ಉಗಿಯುತ್ತದೆ. ರಸ ಮಾತ್ರ ಒಳಗೆ ಹೋಗುತ್ತದೆ. ಹೋಗಿ ಸೇರುವುದು ಮೊದಲ ಹೊಟ್ಟೆಗೆ. ಇಲ್ಲಿ ಏನೂ ಜೀರ್ಣವಾಗುವುದಿಲ್ಲ! ಸುಮ್ನೆ ತುಂಬಿಟ್ಟುಕೊಳ್ಳುವ ಜಾಗ ಅದು. ಇದರ ಹಿಂದೆ ಒಂದು ಕವಾಟ, ಕವಾಟದ ಹಿಂದೆ ಇರುವೆಯ ಸ್ವಂತ ಹೊಟ್ಟೆ. ತನಗೆ ಬೇಕಾದಾಗ ಕವಾಟ ತೆರೆದು ಒಂಚೂರು ಒಳಗೆ ಬಿಟ್ಟುಕೊಳ್ಳುತ್ತದೆ. ಉಳಿದಿದ್ದೆಲ್ಲ ಗೂಡಿನವರಿಗೆ.

ಮನೆಯ ಸಂಪು ಮತ್ತು ಅಡುಗೆಮನೆ ನಲ್ಲಿ ಅಂದುಕೊಳ್ಳಿ. ಸಂಪಿನಲ್ಲಿ ನೀರು ತುಂಬಿದೆ ಅಂದರೆ ನೀವು ಕುಡಿದಿರಿ ಅಂತಲ್ಲ. ಆದರೆ ಸಂಪು ಒಂದೇ ಮನೆಯದು, ಇಲ್ಲಿ ಹಾಗಲ್ಲ. ಹಳ್ಳಿಯ ಹಾಲಿನ ಡೇರಿ ನೆನಪಿಸಿಕೊಂಡರೆ ಇನ್ನೂ ಹತ್ತಿರ ಬರುತ್ತದೆ. ಬೆಳಿಗ್ಗೆ ಒಬ್ಬೊಬ್ಬರೂ ತಂದ ಹಾಲು ಒಂದೇ ಕ್ಯಾನಿಗೆ ಬಿದ್ದ ಮೇಲೆ ಇದು ಯಾರ ಎಮ್ಮೆಯದು ಅಂತ ಹೇಳಲಾಗದು. ವ್ಯತ್ಯಾಸ ಏನಂದರೆ ಇರುವೆಗಳಲ್ಲಿ ಆ ದೊಡ್ಡ ಕ್ಯಾನ್ ಅಂತ ಬೇರೆ ಇಲ್ಲ, ನೂರಾರು ಹೊಟ್ಟೆಗಳೇ ಸೇರಿ ಒಂದು ಕ್ಯಾನ್. ಹಸಿದ ಇರುವೆ ಎದುರಿಗೆ ಬಂದವಳ ಮುಖವನ್ನು ಮೀಸೆಯಿಂದ ತಟ್ಟುತ್ತದೆ. ಅವಳು ದವಡೆ ತೆರೆದು ಒಂದು ಹನಿ ಹೊರಗೆ ತರುತ್ತಾಳೆ. ಬಾಯಿಗೆ ಬಾಯಿ. ಆ ಹನಿ ಮುಂದಿನವಳಿಗೆ, ಅಲ್ಲಿಂದ ಇನ್ನೊಬ್ಬಳಿಗೆ. ಒಬ್ಬಳಿಗೆ ಹಸಿವಾದರೆ ಎಲ್ಲರ ಮಟ್ಟವೂ ಒಂಚೂರು ಇಳಿಯುತ್ತದೆ. ಒಂದಕ್ಕೊಂದು ಪೈಪ್ ಕೊಟ್ಟಿರುವ ಡ್ರಮ್ಮುಗಳಲ್ಲಿ ಒಂದರಿಂದ ನೀರು ತೆಗೆದರೆ ಎಲ್ಲದರಲ್ಲೂ ಇಳಿಯುತ್ತದಲ್ಲ, ಹಾಗೆ.

ಇದಕ್ಕೆ "ಸಮಾಜದ ಹೊಟ್ಟೆ" ಅಂತ ಹೆಸರು ಕೊಟ್ಟವರು ಸ್ವಿಟ್ಜರ್ಲೆಂಡಿನ ಆಗುಸ್ಟ್ ಫೊರೆಲ್. ಮನೋವೈದ್ಯರು, ಮಿದುಳಿನ ಬಗ್ಗೆ ಕೆಲಸ ಮಾಡಿದವರು, ಆದರೆ ಬಾಲ್ಯದಿಂದ ಕೊನೆವರೆಗೂ ಬಿಡದ ಪ್ರೀತಿ ಇರುವೆಯ ಮೇಲೆ. ಇರುವೆಗೆ ನೀಲಿ ಬಣ್ಣ ಹಾಕಿದ ಜೇನು ಕುಡಿಸಿ, ಆ ನೀಲಿ ಯಾರ ಯಾರ ಹೊಟ್ಟೆಗೆ ಹೋಗುತ್ತದೆ ಅಂತ ನೋಡಿದರು. 1978ರಲ್ಲಿ ಬಂದ ಸ್ವಿಸ್ 1000 ಫ್ರಾಂಕ್ ನೋಟಿನ ಒಂದು ಬದಿಗೆ ಫೊರೆಲ್ ಮುಖ, ಇನ್ನೊಂದು ಬದಿಗೆ ಇರುವೆಗಳ ಚಿತ್ರ ಇತ್ತು. ಒಂದು ದೇಶ ತನ್ನ ಅತಿ ದೊಡ್ಡ ನೋಟಿನ ಮೇಲೆ ಇರುವೆಯನ್ನು ಅಚ್ಚು ಹಾಕಿಸಿತ್ತು ಅನ್ನುವುದು ನನಗೆ ಈಗಲೂ ಖುಷಿ ಕೊಡುವ ಸಂಗತಿ. 1957ರಲ್ಲಿ ಅಮೆರಿಕದ ವಿಲ್ಸನ್ ಮತ್ತು ಐಸ್ನರ್ ಜೇನಿಗೆ ವಿಕಿರಣ ಸೂಸುವ ಅಯೋಡಿನ್ ಬೆರೆಸಿ ಲೆಕ್ಕ ಹಾಕಿದರು. ಒಂದೇ ಇರುವೆ ಹೊತ್ತು ತಂದ ಜೇನು ಸುಮಾರು 30 ಗಂಟೆಯೊಳಗೆ ಗೂಡಿನ ಎಲ್ಲಾ ಕೆಲಸಗಾರ ಇರುವೆಗಳನ್ನೂ ಮುಟ್ಟಿತ್ತು. ನಮ್ಮ ಮೈಸೂರಿನ ಒಬ್ಬ ವಿಜ್ಞಾನಿ ಸಣ್ಣ ಇರುವೆಗಳಿಗೆ ಬಣ್ಣ ಬಣ್ಣದ ಸಕ್ಕರೆ ಹನಿ ಇಟ್ಟು ತೆಗೆದ ಚಿತ್ರಗಳು 2011ರಲ್ಲಿ ಜಗತ್ತೆಲ್ಲ ಓಡಾಡಿದವು. ತಲೆ ಕಪ್ಪು, ಹೊಟ್ಟೆ ಮಸುಕು ಇರುವ ಆ ಇರುವೆ ನಮ್ಮ ಅಡುಗೆಕಟ್ಟೆಯ ಮೇಲೇ ಇರುತ್ತದೆ. ಅದರ ಹೊಟ್ಟೆ ಕುಡಿದ ಬಣ್ಣಕ್ಕೆ ತಿರುಗಿತ್ತು, ಕೆಂಪು, ಹಸಿರು, ನೀಲಿ. ಅಲ್ಲಿ ಹೊಳೆಯುತ್ತಿದ್ದದ್ದು ಈ ಊರ ಹೊಟ್ಟೆಯೇ.

ಆ ಹನಿಯಲ್ಲಿ ಊಟ ಮಾತ್ರ ಇರುವುದಿಲ್ಲ. ಗೊದ್ದದ ಬಳಗದ್ದೇ ಆದ ಫ್ಲಾರಿಡಾದ ಒಂದು ಇರುವೆಯ ಹನಿಯನ್ನು 2016ರಲ್ಲಿ ಪರೀಕ್ಷಿಸಿದಾಗ ಅದರಲ್ಲಿ ಮರಿಗಳ ಬೆಳವಣಿಗೆ ನಡೆಸುವ ಹಾರ್ಮೋನ್ ಕೂಡ ಸಿಕ್ಕಿತು. ಉಣಿಸುವಾಗಲೇ ಎಷ್ಟು ಬೆಳೆಯಬೇಕು ಅನ್ನುವುದನ್ನೂ ಹೇಳುತ್ತಿವೆ ಅಂತಾಯಿತು.

ಸರಿ, ಸಕ್ಕರೆ ಯಾಕೆ ಸಾಲದು? ಓಡಾಡುವ ಇರುವೆಗೆ ಬೇಕಿರುವುದು ಶಕ್ತಿ, ಅದು ಸಿಹಿಯಲ್ಲಿದೆ. ಮೈ ಕಟ್ಟಬೇಕಾದವರು ಮರಿಹುಳಗಳು, ಅವಕ್ಕೆ ಪ್ರೋಟೀನ್ ಬೇಕು. ಬೆಳೆದವರಿಗೆ ನುಂಗಲಾಗದ ಗಟ್ಟಿ ತುಂಡನ್ನು ಎಷ್ಟೋ ಜಾತಿಗಳಲ್ಲಿ ಮರಿಹುಳಗಳ ಬಾಯಿಗೇ ಇಡುತ್ತವೆ. ಗೊದ್ದದ ಹೊಟ್ಟೆಯ ಜೀವಕೋಶಗಳೊಳಗೆ ಒಂದು ಬ್ಯಾಕ್ಟೀರಿಯಾ ಮನೆ ಮಾಡಿಕೊಂಡಿದ್ದು, ಅದು ಒಂದಷ್ಟು ಅಮೈನೋ ಆಮ್ಲ ತಯಾರಿಸಿ ಕೊಡುತ್ತದೆ. ಆದರೂ ಮರಿ ಬೆಳೆಸಲು ಹುಳ ಬೇಕೇ ಬೇಕು. ಹಾಗಂತ ಪ್ರೋಟೀನನ್ನೇ ಸುರಿದರೂ ಆಗುವುದಿಲ್ಲ. 2009ರಲ್ಲಿ ದ್ಯುಸುತೂರ್ ಮತ್ತು ಸಿಂಪ್ಸನ್ ಆಸ್ಟ್ರೇಲಿಯಾದ ಒಂದು ಇರುವೆಯ ಮೇಲೆ ಮಾಡಿದ ಪ್ರಯೋಗದಲ್ಲಿ, ಮರಿಗಳಿಲ್ಲದ ಗೂಡಿಗೆ ಪ್ರೋಟೀನ್ ಜಾಸ್ತಿ ಇರುವ ಆಹಾರ ಕೊಟ್ಟಾಗ ಕೆಲಸಗಾರರು ಬೇಗ ಸತ್ತರು. ಮನೆಯಲ್ಲಿ ಮಕ್ಕಳಿಲ್ಲದಿದ್ದರೆ ಅಡುಗೆ ಬೇರೆ ಆಗಬೇಕು, ಅಷ್ಟೇ.

ನಾನು ಕೊಡುವುದು ಇಷ್ಟು. ಒಂದು ಪಾಲು ಸಕ್ಕರೆಗೆ ಮೂರು ಪಾಲು ನೀರು, ಬಾಟಲಿ ಮುಚ್ಚಳದಲ್ಲಿ ಹತ್ತಿ ನೆನೆಸಿ. ವಾರಕ್ಕೆ ಎರಡು ಸಲ ಹುಳ: ಬ್ಯಾಟಿನಲ್ಲಿ ಹೊಡೆದ ಸೊಳ್ಳೆ, ಮಳೆಗಾಲದಲ್ಲಿ ಈಸಲು, ಮಿಡತೆಯ ಕಾಲು. ಬಿಸಿನೀರಲ್ಲಿ ಅದ್ದಿಯೇ ಕೊಡಬೇಕು. ಮಾರನೇ ದಿನ ಉಳಿದದ್ದನ್ನು ತೆಗೆಯದಿದ್ದರೆ ಬೂಸ್ಟು ಬರುತ್ತದೆ. ಕುಡಿಯಲು ಬರೀ ನೀರು ಯಾವಾಗಲೂ ಇರಬೇಕು, ಊಟಕ್ಕಿಂತ ಮೊದಲು ಇದನ್ನು ನೋಡಿ.

ಹುಳ ಎಲ್ಲಿಂದ ಬಂತು ಅನ್ನುವುದು ಮುಖ್ಯ. ಇದನ್ನು ನಾನು ಕಲಿತದ್ದು ಒಂದು ಗೂಡು ಕಳೆದುಕೊಂಡ ಮೇಲೆ. ಒಂದು ಅಂಗಡಿಯ ಮೂಲೆಯಲ್ಲಿ ತೂರಾಡುತ್ತಿದ್ದ ಜಿರಳೆ ಸಿಕ್ಕಿತು, ತಂದು ಹಾಕಿದೆ. ಆಗ ಅರವತ್ತು ಚಿಲ್ಲರೆ ಇರುವೆ ಇದ್ದವು. ಮೊದಲ ದಿನ ಸಂಭ್ರಮ, ಎಲ್ಲಾ ಮುತ್ತಿಕೊಂಡವು. ಎರಡನೇ ದಿನ ನಾಲ್ಕೈದು ಇರುವೆಗಳ ಕಾಲು ನಡುಗುತ್ತಿತ್ತು. ಮೂರನೇ ದಿನ ಜಿರಳೆಯ ಹತ್ತಿರ ಬಾರದೇ ಒಳಗೇ ಇದ್ದ ಇರುವೆಗಳೂ ಬಿದ್ದವು. ಕೊನೆಗೆ ರಾಣಿ. ಅಂಗಡಿಯಲ್ಲಿ ಜಿರಳೆಗೆ ಜೆಲ್ ಇಟ್ಟಿದ್ದರು ಅಂತ ಆಮೇಲೆ ಗೊತ್ತಾಯಿತು. ತಪ್ಪು ನನ್ನದು. ಸಿಹಿ ಹಂಚುವ ದಾರಿಯಲ್ಲೇ ವಿಷವೂ ಹಂಚಿಹೋಗುತ್ತದೆ. ಇರುವೆ ಜೆಲ್‌ಗಳಲ್ಲಿ ನಿಧಾನವಾಗಿ ಕೊಲ್ಲುವ ವಿಷ ಇಡುವುದೂ ಇದೇ ಕಾರಣಕ್ಕೆ. ತಿಂದವಳು ಅಲ್ಲೇ ಸತ್ತರೆ ರಾಣಿಗೆ ತಲುಪುವುದಿಲ್ಲ.

ಗೂಡಿನ ವಿನ್ಯಾಸದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಮೂವತ್ತು ನಲವತ್ತು ಇರುವೆ ಆಗುವವರೆಗೆ ಟೆಸ್ಟ್ ಟ್ಯೂಬೇ ಸಾಕು, ಅದನ್ನು ಒಂದು ಡಬ್ಬಿಯಲ್ಲಿಟ್ಟರೆ ಡಬ್ಬಿಯೇ ಅಂಗಳ. ಮುಖದ ಪೌಡರನ್ನು ಸ್ಪಿರಿಟ್‌ನಲ್ಲಿ ಕಲಸಿ ಅಂಚಿಗೆ ಬಳಿದರೆ ಕಾಲು ಜಾರಿ ಹತ್ತಲಾರವು. ಆಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಗೂಡು ಮಾಡಬಹುದು. ಪ್ಲಾಸ್ಟರಿನಲ್ಲಿ ಕೋಣೆ ಕೊರೆದು ಗಾಜು ಮುಚ್ಚುವ ಉಪಾಯ ಫ್ರಾನ್ಸಿನ ಶಾರ್ಲ್ ಜಾನೆ ಅವರದು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಜನ ಅದನ್ನು ನೋಡಿದ್ದರು. ಅದಕ್ಕೂ ಮೊದಲು ಇಂಗ್ಲೆಂಡಿನಲ್ಲಿ ಜಾನ್ ಲಬ್ಬಕ್, ಬ್ಯಾಂಕಿನವರು, ಪಾರ್ಲಿಮೆಂಟ್ ಸದಸ್ಯರು, ಎರಡು ಗಾಜಿನ ನಡುವೆ ಮಣ್ಣು ತುಂಬಿ ಇರುವೆ ಸಾಕಿದ್ದರು. ಅವರ ಒಂದು ರಾಣಿ ಹತ್ತಿರ ಹತ್ತಿರ 15 ವರ್ಷ ಬದುಕಿತ್ತು. ತಪ್ಪಿಸಿಕೊಳ್ಳದಿರಲು ಗೂಡಿನ ಸುತ್ತ ನೀರು ನಿಲ್ಲಿಸುತ್ತಿದ್ದರು. ನಮ್ಮ ಅಜ್ಜಿ ಮನೆಯಲ್ಲಿ ತಿಂಡಿ ಬೀರುವಿನ ನಾಲ್ಕು ಕಾಲಿಗೂ ನೀರಿನ ಬಟ್ಟಲು ಇರುತ್ತಿದ್ದವು, ಒಳಗೆ ಬರದಿರಲಿ ಅಂತ. ಈಗ ಅದೇ ಬಟ್ಟಲುಗಳು ನನ್ನ ಗೂಡಿನ ಸ್ಟೂಲಿನ ಕೆಳಗಿವೆ, ಹೊರಗೆ ಹೋಗದಿರಲಿ ಅಂತ.

ನನಗೆ ಚಿಂತೆ ಆಗುವುದು ಬೇರೆ ವಿಷಯಕ್ಕೆ. ಶನಿವಾರ ಇರುವೆಗೆ ಸಕ್ಕರೆ ಹಾಕಿದರೆ ಶನಿ ಕಾಟ ತಪ್ಪುತ್ತದೆ, ಕಪ್ಪಿರುವೆ ಬಂದರೆ ಐಶ್ವರ್ಯ, ಕೆಂಪಿರುವೆ ಬಂದರೆ ಕಷ್ಟ ಅಂತ ಈಗ ಓದಿದವರೂ ವಿಡಿಯೋ ಹಂಚುತ್ತಾರೆ. ನಮ್ಮಲ್ಲಿ ಕಪ್ಪಿರುವೆ ಒಂದು ಜಾತಿಯಲ್ಲ, ಎಷ್ಟೋ ಜಾತಿಗಳಿವೆ. ಅವು ಬರುವುದು ಒಡೆದ ಟೈಲಿನ ಸಂದಿ ಹುಡುಕಿ, ಊಟ ಹುಡುಕಿ. ಮಕ್ಕಳಿಗೆ ಶಕುನ ಹೇಳುವ ಬದಲು ಸಾಲು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತಿದೆ ನೋಡಿ ಬಾ ಅಂದರೆ ಆಗಲ್ವಾ? ಮಳೆಗೆ ಮುಂಚೆ ಇರುವೆ ಮೊಟ್ಟೆ ಹೊತ್ತು ಹೋಗುತ್ತವೆ ಅನ್ನುತ್ತೇವಲ್ಲ, ಆ ಅಕ್ಕಿಕಾಳಿನಂಥದ್ದು ಮೊಟ್ಟೆಯೇ ಅಲ್ಲ. ಮೊಟ್ಟೆ ಗಸಗಸೆಯಷ್ಟು. ಅಕ್ಕಿಕಾಳಿನಂತಿರುವುದು ಮರಿಹುಳ, ಇಲ್ಲವೇ ಅದು ಇರುವೆಯಾಗುವ ಮುಂಚೆ ತನ್ನ ಸುತ್ತ ಕಟ್ಟಿಕೊಳ್ಳುವ ಕೋಶ. ಗೊದ್ದದ ಕೋಶದ ಒಂದು ತುದಿಯಲ್ಲಿ ಕಪ್ಪು ಚುಕ್ಕೆ ಇರುತ್ತದೆ. ಮರಿಹುಳ ಬೆಳೆಯುವಷ್ಟು ದಿನ ಮಲ ವಿಸರ್ಜಿಸುವುದೇ ಇಲ್ಲ. ಕೋಶ ಕಟ್ಟಿದ ಮೇಲೆ ಒಂದೇ ಸಲ ಎಲ್ಲವನ್ನೂ ಹೊರಗೆ ಹಾಕುತ್ತದೆ. ಆ ಚುಕ್ಕೆ ಅದೇ.

ಇನ್ನೊಂದು ಮಾತು. ಹೊರದೇಶದ ಇರುವೆ ಕೊಳ್ಳಬೇಡಿ. 2025ರಲ್ಲಿ ಸುಮಾರು 5000 ರಾಣಿ ಇರುವೆಗಳನ್ನು ಸಣ್ಣ ಟ್ಯೂಬುಗಳಲ್ಲಿಟ್ಟುಕೊಂಡಿದ್ದ ಇಬ್ಬರು ಬೆಲ್ಜಿಯಂ ಹುಡುಗರಿಗೆ ಕೀನ್ಯಾದ ಕೋರ್ಟು ದಂಡ ಹಾಕಿತು. ಅಲ್ಲಿ ಒಂದು ರಾಣಿ ಹೋದರೆ ಒಂದು ಗೂಡೇ ಹೋದಂತೆ, ಇಲ್ಲಿ ತಪ್ಪಿಸಿಕೊಂಡರೆ ಹೊಸ ಪೀಡೆ. ನಮ್ಮ ಅಂಗಳದಲ್ಲೇ ಬೇಕಾದಷ್ಟಿದೆ.

ನನ್ನ ಈಗಿನ ಗೂಡಿನಲ್ಲಿ ಮೊದಲ ಕೋಶ ಒಡೆದದ್ದು 43ನೇ ದಿನ. ಹೊರಬಂದ ಇರುವೆ ಎಷ್ಟು ಸಣ್ಣದಿತ್ತೆಂದರೆ ರಾಣಿಯ ತಲೆಯಷ್ಟು, ಬಣ್ಣ ಇನ್ನೂ ಮಾಸಲು ಕಂದು. ಮೂರು ದಿನ ಬಿಟ್ಟು ಒಂದು ಹನಿ ಸಕ್ಕರೆ ನೀರನ್ನು ಕಡ್ಡಿ ತುದಿಯಲ್ಲಿ ಇಟ್ಟೆ. ಅದು ಬಂದು ಮುಟ್ಟಿ, ಹಿಂದೆ ಸರಿದು, ಮತ್ತೆ ಬಂದು ಕುಡಿಯಿತು. ಕುಡಿಯುತ್ತಾ ಹೊಟ್ಟೆಯ ಪಟ್ಟಿಗಳು ಒಂದೊಂದೇ ಬಿಡಿಸಿಕೊಂಡು ನಡುವಿನ ತೆಳು ಚರ್ಮ ಹೊಳೆಯತೊಡಗಿತು. ತಿರುಗಿ ನಿಧಾನಕ್ಕೆ ಕತ್ತಲಿನ ತುದಿಗೆ ನಡೆದು ಹೋಯಿತು. ರಾಣಿ ಆವತ್ತಿನವರೆಗೆ ಊಟ ಕಂಡಿರಲಿಲ್ಲ. ಮೀಸೆಯಿಂದ ಮಗಳ ಮುಖ ತಟ್ಟಿದಳು. ಮಗಳು ದವಡೆ ತೆರೆದಳು.