ಲಗ್ನಪತ್ರಿಕೆಯ ಮಸಿ ಕೈಗೆ ಹತ್ತಿದರೆ

ದಾವಣಗೆರೆಯ ಪ್ರೆಸ್ಸೊಂದರಲ್ಲಿ ಹನ್ನೊಂದು ವರ್ಷ ಡಿಟಿಪಿ ಮಾಡಿದವರು ಒಬ್ಬರು ಕಳೆದ ವರ್ಷ ಯಾರಿಂದಲೋ ನನ್ನ ನಂಬರು ಪಡೆದು ಫೋನ್ ಮಾಡಿದರು. ವಯಸ್ಸು ಮೂವತ್ತೈದು, ಇಬ್ಬರು ಮಕ್ಕಳು. ಲಗ್ನಪತ್ರಿಕೆ, ಕರಪತ್ರ, ಬಿಲ್ ಬುಕ್ಕಿನ ಕೆಲಸ ವರ್ಷವರ್ಷಕ್ಕೂ ಇಳಿಯುತ್ತಿದೆ, ಈಗ ಮದುವೆಗೂ ವಾಟ್ಸಾಪ್‌ನಲ್ಲೇ ಕರೆಯುತ್ತಾರೆ. ಅದಕ್ಕೇ ಐಟಿ ಸಪೋರ್ಟ್, ಅಂದರೆ ಕಚೇರಿಯ ಕಂಪ್ಯೂಟರು ಕೆಟ್ಟಾಗ ಸರಿಮಾಡಿಕೊಡುವ ಕೆಲಸದ ಕಡೆ ಹೊರಳೋಣವೆಂದು, ಆ ಕೆಲಸದ ಮೊದಲ ಮೆಟ್ಟಿಲಿಗೆ ಸರ್ಟಿಫಿಕೇಟ್ ಕೊಡುವ ಕಾಂಪ್‌ಟಿಯಾ ಸಂಸ್ಥೆಯ ಎ ಪ್ಲಸ್ ಪರೀಕ್ಷೆಗೆ ಓದುತ್ತಿದ್ದರು. ಶುರುಮಾಡಿ ನಾಲ್ಕು ತಿಂಗಳಾಗಿತ್ತು, ಎರಡು ನೋಟ್‌ಬುಕ್ ತುಂಬಿದ್ದವು. ಮಾಕ್ ಟೆಸ್ಟಿನಲ್ಲಿ ಮಾತ್ರ ನೂರಕ್ಕೆ ಐವತ್ತು ದಾಟುತ್ತಿರಲಿಲ್ಲ.

“ಲೇಸರ್ ಪ್ರಿಂಟರ್ ಕೆಲಸ ಮಾಡುವ ಏಳು ಹಂತ ಹೇಳಿ ನೋಡೋಣ” ಅಂದೆ. ಪ್ರೊಸೆಸಿಂಗ್, ಚಾರ್ಜಿಂಗ್, ಎಕ್ಸ್‌ಪೋಸಿಂಗ್, ಡೆವಲಪಿಂಗ್, ಟ್ರಾನ್ಸ್‌ಫರಿಂಗ್, ಫ್ಯೂಸಿಂಗ್, ಕ್ಲೀನಿಂಗ್ ಎಂದು ಮಗ್ಗಿ ಒಪ್ಪಿಸಿದ ಹಾಗೆ ಒಂದೇ ಉಸಿರಿಗೆ ಹೇಳಿದರು.

“ದಪ್ಪ ಕಾರ್ಡಿನ ಮೇಲೆ ಲಗ್ನಪತ್ರಿಕೆ ಹಾಕಿದಾಗ ಮಸಿ ಕೈಗೆ ಹತ್ತಿದರೆ?”

ನಕ್ಕರು. “ಅದೇನ್ ಮಹಾ ಸಾರ್, ಪೇಪರ್ ಟೈಪ್‌ನಲ್ಲಿ ಥಿಕ್ ಅಂತ ಕೊಟ್ರೆ ಮಷಿನ್ ನಿಧಾನ ಎಳೀತದೆ, ಮಸಿ ಕೂರ್ತದೆ. ಆಗಲೂ ಕೂರಲಿಲ್ಲ ಅಂದ್ರೆ ಒಳಗಿನ ಬಿಸಿ ರೋಲರ್ ಹೋಗಿದೆ ಅಂತ.”

“ನೀವು ಹೇಳಿದ ಏಳರಲ್ಲಿ ಅದು ಎಷ್ಟನೆಯದು?”

ಸ್ವಲ್ಪ ಹೊತ್ತು ಆ ಕಡೆ ಮಾತಿಲ್ಲ. “ಆರನೇದು. ಫ್ಯೂಸಿಂಗ್.” ಆಮೇಲೆ ತಮಗೆ ತಾವೇ ಹೇಳಿಕೊಂಡ ಹಾಗೆ, “ಅದು ಇದೇನಾ?”

ಇದೇ. ಟೋನರ್ ಅನ್ನುವುದು ಶಾಯಿಯಲ್ಲ, ಪ್ಲಾಸ್ಟಿಕ್ಕಿನ ನುಣ್ಣನೆಯ ಪುಡಿ. ಸ್ಥಾಯೀ ವಿದ್ಯುತ್ತಿನ ಬಲದಿಂದ ಕಾಗದದ ಮೇಲೆ ಸುಮ್ಮನೆ ಕೂತಿರುತ್ತದೆ. ಬಿಸಿ ರೋಲರ್ ಅದನ್ನು ಕರಗಿಸಿ ಒತ್ತಿದರಷ್ಟೇ ಅಂಟಿಕೊಳ್ಳುವುದು. ದಪ್ಪ ಕಾರ್ಡು ಹೆಚ್ಚು ಬಿಸಿ ಹೀರುತ್ತದೆ, ಅದಕ್ಕೇ ನಿಧಾನವಾಗಿ ಎಳೆಯಬೇಕು. ಹಾಗೆಯೇ ಹಾಳೆಯ ಮೇಲೆ ಸಮನಾದ ಅಂತರದಲ್ಲಿ ಒಂದೇ ಕಲೆ ಮತ್ತೆ ಮತ್ತೆ ಬಂದರೆ ಡ್ರಮ್ಮೋ ರೋಲರೋ ಗೀರಿದೆ ಎಂದರ್ಥ. ಅದು ಒಂದು ಸುತ್ತು ಸುತ್ತಿದಾಗಲೆಲ್ಲ ಕಲೆ ಬೀಳುತ್ತದೆ. ಇದೂ ಅವರಿಗೆ ಗೊತ್ತಿತ್ತು. ಗೊತ್ತಿದ್ದದ್ದೆಲ್ಲ ಪ್ರೆಸ್ಸಿನಲ್ಲೇ ಉಳಿದಿತ್ತು, ಬಾಯಿಪಾಠ ಮಾಡಿದ್ದು ನೋಟ್‌ಬುಕ್ಕಿನಲ್ಲಿ. ಎರಡಕ್ಕೂ ಮುಖಪರಿಚಯವೇ ಆಗಿರಲಿಲ್ಲ.

ನಾನು ಬೆಂಗಳೂರಿನಲ್ಲಿ ಹೆಲ್ಪ್‌ಡೆಸ್ಕ್ ತಂಡಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಬಂದು ಹದಿನೆಂಟು ವರ್ಷವಾಯಿತು. ಬೇರೆ ಕಸುಬಿನಿಂದ ಬಂದವರನ್ನು ಸಾಕಷ್ಟು ನೋಡಿದ್ದೇನೆ. ಇಪ್ಪತ್ತೊಂದರ ಹುಡುಗನ ಹಾಗೆ ಅಆಇಈಯಿಂದ ಶುರುಮಾಡಬೇಕು ಅನ್ನುವ ಭ್ರಮೆ ಇವರಲ್ಲಿ ಹೆಚ್ಚಿನವರಿಗೆ. ಸಂಕೋಚವೂ ಇರುತ್ತದೆ, ‘ನಮ್ಮದು ಐಟಿ ಅಲ್ಲವಲ್ಲ’ ಅಂತ. ಹಾಗಾಗಿ ಬಂದದ್ದನ್ನೇ ಮತ್ತೆ ಓದುತ್ತಾರೆ, ಬಾರದ್ದನ್ನು ಮೇಲಿಂದ ಮೇಲೆ ಸವರಿಕೊಂಡು ಹೋಗುತ್ತಾರೆ.

ಇವರಿಗೆ ನಾನು ಮೊದಲು ಮಾಡಿಸಿದ ಕೆಲಸದಲ್ಲಿ ಓದುವುದು ಏನೂ ಇರಲಿಲ್ಲ. ಕಾಂಪ್‌ಟಿಯಾದವರೇ ‘ಎಕ್ಸಾಮ್ ಆಬ್ಜೆಕ್ಟಿವ್ಸ್’ ಅನ್ನುವ ಪಟ್ಟಿಯನ್ನು ಪುಕ್ಕಟೆಯಾಗಿ ಕೊಡುತ್ತಾರೆ. ಅದನ್ನು ಪ್ರೆಸ್ಸಿನಲ್ಲೇ ಪ್ರಿಂಟ್ ಹಾಕಿಸಿ (ಅಷ್ಟಾದರೂ ಲಾಭ ಬೇಡವೇ), ಒಂದೊಂದು ಸಾಲಿನ ಪಕ್ಕದಲ್ಲೂ ಗುರುತು ಹಾಕಿ ಅಂದೆ. ಕೈಯಾರೆ ಮಾಡಿದ್ದಕ್ಕೆ ಟಿಕ್. ಕೇಳಿ ಗೊತ್ತಿದ್ದರೆ ಚುಕ್ಕೆ. ಗೊತ್ತೇ ಇಲ್ಲದಿದ್ದರೆ ಖಾಲಿ. ಸಂಜೆ ಫೋಟೊ ಕಳಿಸಿದರು. ಪ್ರಿಂಟರ್, ಮಾನಿಟರ್, ಕೇಬಲ್, ರ‍್ಯಾಮ್, ಹಾರ್ಡ್‌ಡಿಸ್ಕ್ ಇದ್ದ ಪುಟಗಳ ತುಂಬ ಟಿಕ್. ನೆಟ್‌ವರ್ಕಿನ ಪುಟ ಬೋಳು.

ಎ ಪ್ಲಸ್‌ಗೆ ಎರಡು ಪೇಪರು. ಈಗ ನಡೆಯುತ್ತಿರುವ ಸರಣಿ 2025ರ ಮಾರ್ಚಿನಲ್ಲಿ ಬಂದದ್ದು: ಕೋರ್ ಒಂದಕ್ಕೆ 220-1201, ಕೋರ್ ಎರಡಕ್ಕೆ 220-1202. ಒಂದೊಂದಕ್ಕೂ 90 ನಿಮಿಷ, ಹೆಚ್ಚೆಂದರೆ 90 ಪ್ರಶ್ನೆ. ಅಂಕ 100ರಿಂದ 900ರ ಅಳತೆಯಲ್ಲಿ. ಮೊದಲನೆಯದಕ್ಕೆ 675, ಎರಡನೆಯದಕ್ಕೆ 700 ಬಂದರೆ ಪಾಸು. ಕೋರ್ ಒಂದರಲ್ಲಿ ಹಾರ್ಡ್‌ವೇರಿಗೆ ಶೇ 25, ನೆಟ್‌ವರ್ಕಿಗೆ ಶೇ 23, ಕೆಟ್ಟದ್ದನ್ನು ಹುಡುಕಿ ಸರಿಮಾಡುವುದಕ್ಕೆ ಶೇ 28. ಎಲ್ಲಕ್ಕಿಂತ ದೊಡ್ಡ ಪಾಲು ಈ ಕೊನೆಯದು. ಆದರೆ ಪಟ್ಟಿಯಲ್ಲಿ ಕೊನೆಗೆ ಬರುವುದರಿಂದ ಓದುವವರ ಉಸಿರು ಅಲ್ಲಿಗೆ ಬರುವಷ್ಟರಲ್ಲಿ ಮುಗಿದಿರುತ್ತದೆ. ನಾವು ಅಲ್ಲಿಂದಲೇ ಹಿಡಿದೆವು.

ಪ್ರೆಸ್ಸಿನಲ್ಲಿ ಐದು ಕಂಪ್ಯೂಟರು, ನೆಟ್‌ವರ್ಕಿಗೆ ಹಾಕಿದ ಒಂದು ದೊಡ್ಡ ಪ್ರಿಂಟರು. ಕರೆಂಟು ಹೋಗಿ ಬಂದಾಗ ಎಷ್ಟೋ ಸಲ ಪ್ರಿಂಟರು ‘ಆಫ್‌ಲೈನ್’ ಅನ್ನುತ್ತದೆ. ಇವರು ಐದೂ ಕಂಪ್ಯೂಟರಿನಲ್ಲಿ ಪ್ರಿಂಟರನ್ನು ಅಳಿಸಿ ಹೊಸದಾಗಿ ಸೇರಿಸುತ್ತಾರೆ, ಆಮೇಲೆ ಕೆಲಸ ನಡೆಯುತ್ತದೆ. ವರ್ಷಗಳಿಂದ ಹೀಗೇ. “ಮುಂದಿನ ಸಲ ಅಳಿಸಬೇಡಿ. ಪ್ರಿಂಟರಿನ ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಅಂಕಿ, ಬರೆದಿಟ್ಟುಕೊಂಡಿರಿ, ಕರೆಂಟು ಹೋಗಿ ಬಂದ ಮೇಲೆ ಮತ್ತೆ ನೋಡಿ” ಅಂದೆ. ದಾವಣಗೆರೆಯ ಬೇಸಿಗೆ, ಬಹಳ ದಿನ ಕಾಯಬೇಕಾಗಲಿಲ್ಲ. ಬೆಳಿಗ್ಗೆ 192.168.1.6 ಇದ್ದದ್ದು ಮಧ್ಯಾಹ್ನ 192.168.1.9 ಆಗಿತ್ತು.

ವಿಳಾಸ ಹಂಚುವ ಕೆಲಸ ರೂಟರಿನದು. ಅದಕ್ಕೆ ಡಿಎಚ್‌ಸಿಪಿ ಅನ್ನುತ್ತಾರೆ. ಕೆಲವು ಸಣ್ಣ ರೂಟರುಗಳು ಕರೆಂಟು ಹೋದೊಡನೆ ಯಾರಿಗೆ ಯಾವುದು ಕೊಟ್ಟಿದ್ದೆ ಅನ್ನುವ ಲೆಕ್ಕವನ್ನೇ ಮರೆಯುತ್ತವೆ. ಎಲ್ಲವೂ ಒಟ್ಟಿಗೆ ಎದ್ದಾಗ ಮೊದಲು ಕೇಳಿದವರಿಗೆ ಮೊದಲ ವಿಳಾಸ, ಊಟದ ಪಂಕ್ತಿಯಲ್ಲಿ ಎಲೆ ಹಿಡಿದ ಹಾಗೆ. ಕಂಪ್ಯೂಟರುಗಳೋ ಹಳೆ ಎಲೆಯ ಮುಂದೆಯೇ ಪ್ರಿಂಟರನ್ನು ಹುಡುಕುತ್ತಿರುತ್ತವೆ. ರೂಟರಿನೊಳಗೆ ಹೋಗಿ ಆ ಪ್ರಿಂಟರಿಗೆ ಒಂದು ವಿಳಾಸವನ್ನು ಕಾಯ್ದಿರಿಸಿದರೆ ಮುಗಿಯಿತು. ಅವರು ಅದನ್ನು ಮಾಡಿದ್ದು ರಾತ್ರಿ ಒಂಬತ್ತಕ್ಕೆ, ಪ್ರೆಸ್ಸು ಮುಚ್ಚಿದ ಮೇಲೆ. ಮರುದಿನ ಬೇಕಂತಲೇ ಮೇನ್ ಸ್ವಿಚ್ ಆರಿಸಿ ಹಾಕಿ ನೋಡಿದರಂತೆ. ಆಮೇಲೆ ಒಂದು ಕಂಪ್ಯೂಟರು ಮಾತ್ರ ಚಾಲೂ ಇಟ್ಟು, ರೂಟರಿನಲ್ಲಿ ಡಿಎಚ್‌ಸಿಪಿ ನಿಲ್ಲಿಸಿ, ಇದ್ದ ವಿಳಾಸ ಬಿಟ್ಟು ಹೊಸದನ್ನು ಕೇಳುವಂತೆ ಮಾಡಿ, ಅದು 169.254ರಿಂದ ಶುರುವಾಗುವ ವಿಳಾಸವನ್ನು ತಾನೇ ಕೊಟ್ಟುಕೊಳ್ಳುವುದನ್ನೂ ಕಣ್ಣಾರೆ ಕಂಡರು. ಬಡಿಸುವವನು ಬರಲೇ ಇಲ್ಲ ಅನ್ನುವುದಕ್ಕೆ ವಿಂಡೋಸ್ ಹೇಳುವ ಮಾತು ಅದು. ಪುಸ್ತಕದಲ್ಲಿ ಅದಕ್ಕೆ ಅರ್ಧ ಸಾಲು. ಇಂಟರ್‌ವ್ಯೂನಲ್ಲಿ ನಾನು ಕೇಳುವ ಮೊದಲ ಪ್ರಶ್ನೆಯೇ ಅದು.

ಹಳೆಯ ಅನುಭವ ಕೈಕೊಡುವ ಜಾಗವೂ ಒಂದಿದೆ. ಪ್ರಶ್ನೆಗಳಲ್ಲಿ ‘ಫಸ್ಟ್’, ‘ಬೆಸ್ಟ್’, ‘ಮೋಸ್ಟ್ ಲೈಕ್ಲಿ’ ಅನ್ನುವ ಪದಗಳನ್ನು ಎದ್ದು ಕಾಣುವಂತೆ ಹಾಕಿರುತ್ತಾರೆ. ಬೆಳಿಗ್ಗೆಯಿಂದ ಪ್ರಿಂಟ್ ಬರುತ್ತಿಲ್ಲವೆಂದು ಒಬ್ಬರು ಫೋನ್ ಮಾಡಿದ್ದಾರೆ, ಟೆಕ್ನಿಶಿಯನ್ ಮೊದಲು ಮಾಡಬೇಕಾದ್ದೇನು? ಡ್ರೈವರ್ (ಕಂಪ್ಯೂಟರಿಗೂ ಪ್ರಿಂಟರಿಗೂ ನಡುವಿನ ದುಭಾಷಿ ಸಾಫ್ಟ್‌ವೇರ್) ಮತ್ತೆ ಹಾಕುವುದು, ಟೋನರ್ ಬದಲಿಸುವುದು, ಸ್ಪೂಲರ್ (ಪ್ರಿಂಟಿಗೆ ಕಳಿಸಿದ್ದನ್ನು ಸಾಲಿನಲ್ಲಿ ನಿಲ್ಲಿಸುವ ಸಾಫ್ಟ್‌ವೇರ್) ನಿಲ್ಲಿಸಿ ಶುರುಮಾಡುವುದು, ನಿನ್ನೆಯಿಂದ ಏನಾದರೂ ಬದಲಾಗಿದೆಯೇ ಎಂದು ಕೇಳುವುದು. ಇವರು ಡ್ರೈವರಿಗೆ ಗುರುತು ಹಾಕಿದರು. ಕೈ ಪಳಗಿದವನ ಚಾಳಿ ಅದು, ಕೇಳುವುದಕ್ಕೆ ಮೊದಲೇ ಬಿಚ್ಚಲು ಕೂರುವುದು. ಕಾಂಪ್‌ಟಿಯಾ ಹೇಳುವ ಕ್ರಮದಲ್ಲಿ ಆರು ಹೆಜ್ಜೆ: ತೊಂದರೆ ಏನೆಂದು ಗುರುತಿಸು, ಕಾರಣ ಊಹಿಸು, ಊಹೆ ಸರಿಯೇ ಪರೀಕ್ಷಿಸು, ಯೋಚಿಸಿ ಸರಿಮಾಡು, ಎಲ್ಲ ನಡೆಯುತ್ತಿದೆಯೇ ನೋಡಿ ಮತ್ತೆ ಆಗದಂತೆ ಮಾಡು, ಕೊನೆಗೆ ಬರೆದಿಡು. ನಾಲ್ಕು ಉತ್ತರವೂ ಸರಿಯೇ ಇರುವ ಪ್ರಶ್ನೆಯಲ್ಲಿ ಯಾವುದು ಮೊದಲ ಹೆಜ್ಜೆಯದು ಎಂದಷ್ಟೇ ಹುಡುಕಬೇಕು. ಕನ್ನಡದಲ್ಲಿ ಈ ಪರೀಕ್ಷೆ ಇಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷಿಗೆ ಹೆದರುತ್ತಾರೆ, ಆದರೆ ಕಾಡುವುದು ಇಂಥ ನಾಲ್ಕಾರು ಪದಗಳೇ ಹೊರತು ವ್ಯಾಕರಣವಲ್ಲ.

ಸಾಮಗ್ರಿಯ ಮಾತು ಬೇಗ ಮುಗಿಸುತ್ತೇನೆ. ಇಂಥ ಪರೀಕ್ಷೆಗಳಿಗೆ ಪಾಠ ಹೇಳುವ ಪ್ರೊಫೆಸರ್ ಮೆಸ್ಸರ್ ಅವರ ವಿಡಿಯೊಗಳು ಯೂಟ್ಯೂಬಿನಲ್ಲಿ ಪುಕ್ಕಟೆ ಇವೆ, ಇಡೀ ಪಠ್ಯ ಅದರಲ್ಲಿದೆ. ಬಿಚ್ಚಿ ಜೋಡಿಸಲು ಬೆಂಗಳೂರಿನ ಎಸ್‌.ಪಿ. ರೋಡಿನಿಂದ ಒಂದು ಹಳೆ ಡೆಸ್ಕ್‌ಟಾಪ್ ತಂದರೆ ಸಾಕು. ಎಂಟನೇ ತಲೆಮಾರಿಗಿಂತ ಹಳೆಯ ಇಂಟೆಲ್ ಯಂತ್ರಗಳಲ್ಲಿ ಬಹುತೇಕ ಯಾವುವೂ ವಿಂಡೋಸ್ 11ಕ್ಕೆ ಆಗಿಬರುವ ಪ್ರೊಸೆಸರುಗಳ ಪಟ್ಟಿಯಲ್ಲಿಲ್ಲ, ಹಾಗಾಗಿ ಕಚೇರಿಗಳು ಅವನ್ನು ಹೊರಹಾಕುತ್ತಿವೆ. ಅವೆನ್ಯೂ ರಸ್ತೆಯಲ್ಲಿ ಹಳೆ ಪುಸ್ತಕ ಕೊಳ್ಳುವುದಾದರೆ ಮೊದಲು ರಕ್ಷಾಪುಟದ ಮೇಲಿನ ಸಂಖ್ಯೆ ನೋಡಿ. 1101, 1102ರ ಸರಣಿ 2025ರ ಸೆಪ್ಟೆಂಬರಿಗೆ ಮುಗಿದುಹೋಗಿದೆ. ಒಂದು ಪೇಪರು ಹಳೆ ಸರಣಿಯದು, ಇನ್ನೊಂದು ಹೊಸದು ಅನ್ನುವುದೂ ನಡೆಯುವುದಿಲ್ಲ. ‘ಬಂದ ಪ್ರಶ್ನೆಗಳೇ ಇವು’ ಎಂದು ಮಾರುವ ಡಂಪ್‌ಗಳನ್ನಂತೂ ಮುಟ್ಟಲೇಬೇಡಿ. ಸಿಕ್ಕಿಬಿದ್ದರೆ ಪಡೆದ ಸರ್ಟಿಫಿಕೇಟೂ ಹೋಗುತ್ತದೆ. ಅದಿರಲಿ, 169.254 ಏಕೆ ಬಂತು ಎಂದು ನಾನು ಕೇಳಿದಾಗ ಬಿಟ್ಟ ಬಾಯಿ ಬಿಟ್ಟಂತೆ ಕೂತವರನ್ನು ಕಂಡಿದ್ದೇನೆ.

ಹೆಸರಿನ ವಿಷಯ ಯಾರೂ ಹೇಳುವುದಿಲ್ಲ, ಆದ್ದರಿಂದ ನಾನು ಹೇಳುತ್ತೇನೆ. ಪರೀಕ್ಷೆಗೆ ನೋಂದಾಯಿಸಿದ ಹೆಸರು, ತೋರಿಸುವ ಗುರುತಿನ ಚೀಟಿಯ ಹೆಸರು ಎರಡೂ ಒಂದೇ ಇರಬೇಕು. ನಮ್ಮಲ್ಲಿ ಇನಿಷಿಯಲ್ಲು ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಮಂಜುನಾಥ, ಪಾನ್ ಕಾರ್ಡಿನಲ್ಲಿ ಮಂಜುನಾಥ್. ಶುಲ್ಕ ಕಟ್ಟುವ ಮುಂಚೆಯೇ ಸರಿಮಾಡಿಕೊಳ್ಳಿ, ಬಾಗಿಲಲ್ಲಿ ವಾಪಸು ಕಳಿಸಿದರೆ ಕಟ್ಟಿದ ಹಣ ಬರುವುದಿಲ್ಲ. ಎರಡು ಪೇಪರಿಗೂ ಬೇರೆ ಬೇರೆ ಶುಲ್ಕ, ಫೇಲಾದರೆ ಮತ್ತೆ ಪೂರ್ತಿ ಕಟ್ಟಬೇಕು. ಆದ್ದರಿಂದ ಒಂದು ಮುಗಿಸಿ ಇನ್ನೊಂದಕ್ಕೆ ದುಡ್ಡು ಕಟ್ಟಿ ಅನ್ನುತ್ತೇನೆ. ಪರೀಕ್ಷೆಯ ಆರಂಭದಲ್ಲೇ ‘ಮಾಡಿ ತೋರಿಸು’ ಬಗೆಯ ಪ್ರಶ್ನೆಗಳು ಬಂದರೆ ಗುರುತು ಹಾಕಿ ಮುಂದೆ ಹೋಗಿ, ಕೊನೆಗೆ ಬಂದು ಮಾಡಿ; ಅಲ್ಲೇ ಕೂತು ಅರ್ಧ ಗಂಟೆ ಕಳೆದುಕೊಂಡವರು ಬಹಳ.

ಇಷ್ಟು ಹೇಳಿದ ಮೇಲೆ ಕಹಿಯನ್ನೂ ಹೇಳಬೇಕು. ನಮ್ಮಲ್ಲಿ ಎಷ್ಟೋ ಎಚ್‌ಆರ್‌ಗಳಿಗೆ ಸಿಸ್ಕೊ ಕಂಪನಿಯ ನೆಟ್‌ವರ್ಕ್ ಸರ್ಟಿಫಿಕೇಟ್ ಸಿಸಿಎನ್‌ಎ ಗೊತ್ತಿರುವಷ್ಟು ಎ ಪ್ಲಸ್ ಗೊತ್ತಿಲ್ಲ. ಕಾಗದ ನಿಮ್ಮನ್ನು ಇಂಟರ್‌ವ್ಯೂವರೆಗೆ ತಲುಪಿಸಬಹುದು, ಅದೂ ಖಾತ್ರಿಯಿಲ್ಲ, ಮೂರು ವರ್ಷಕ್ಕೆ ಅದರ ಅವಧಿಯೂ ಮುಗಿಯುತ್ತದೆ. ಹೆಲ್ಪ್‌ಡೆಸ್ಕಿನ ಮೊದಲ ಸಂಬಳದಲ್ಲಿ ಬೆಂಗಳೂರಿನ ಬಾಡಿಗೆ ಕಳೆದರೆ ಪ್ರೆಸ್ಸಿನಲ್ಲಿ ಉಳಿಯುತ್ತಿದ್ದುದಕ್ಕಿಂತ ಕಡಿಮೆಯೇ ಉಳಿಯಬಹುದು, ಜೊತೆಗೆ ರಾತ್ರಿ ಪಾಳಿ. ಮನೆಯವರನ್ನು ಕೂರಿಸಿಕೊಂಡು ಈ ಲೆಕ್ಕ ಹಾಕದೆ ಕೆಲಸ ಬಿಡಬೇಡಿ ಎಂದಿದ್ದೆ. ಅವರು ಇನ್ನೂ ಬಿಟ್ಟಿಲ್ಲ. ಬೆಳಿಗ್ಗೆ ಐದರಿಂದ ಆರೂವರೆ ಓದು, ಹತ್ತಕ್ಕೆ ಪ್ರೆಸ್ಸು.

ಕೋರ್ ಒಂದು ಪಾಸಾಗಿದೆ. ಈಗ ಎರಡನೆಯದು ನಡೆಯುತ್ತಿದೆ. ಅದರಲ್ಲಿ ಸೆಕ್ಯುರಿಟಿಗೇ ಶೇ 28. ಮೊನ್ನೆ ಭಾನುವಾರ ಫೋನ್ ಬಂತು. ಗ್ರಾಹಕರ ಖಾಸಗಿ ಮಾಹಿತಿ ಹೇಗೆ ಇಡಬೇಕು, ಹೇಗೆ ಅಳಿಸಬೇಕು ಅನ್ನುವ ಪಾಠ ಓದಿ ಪ್ರೆಸ್ಸಿನ ಕಂಪ್ಯೂಟರು ತೆರೆದಿದ್ದಾರೆ. ಪ್ರಿಂಟಿಗೆಂದು ಜನ ಕಳಿಸಿದ ಆಧಾರ್ ಕಾರ್ಡು, ಮಾರ್ಕ್ಸ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕಿನ ಪಿಡಿಎಫ್‌ಗಳು ಡೆಸ್ಕ್‌ಟಾಪಿನ ತುಂಬ, ಡೌನ್‌ಲೋಡ್ಸ್ ಫೋಲ್ಡರಿನ ತುಂಬ, 2017ರಿಂದ ಈಚೆಗಿನವು. ಪಾಸ್‌ವರ್ಡೂ ಇಲ್ಲದ ಕಂಪ್ಯೂಟರು. ಇಡೀ ದಿನ ಕೂತು ಅಳಿಸಿದರಂತೆ.

“ನಮ್ಮ ಮಾಲೀಕರು ಬಯ್ತಾ ಅದಾರೆ ಸಾರ್” ಅಂದರು, “ಗಿರಾಕಿಗಳು ನಾಳೆ ಇನ್ನೊಂದು ಕಾಪಿ ಕೇಳ್ಕಂಡು ಬಂದ್ರೆ ಏನ್ ಕೊಡ್ತೀಯಾ ಅಂತ.”