ಶ್ರೇಷ್ಠ ಗೀತರಚನೆಕಾರರ ಪಟ್ಟಿ: ಲೆಕ್ಕ ಎಡವುವುದು ಎಲ್ಲಿ?

ಶ್ರೇಷ್ಠ ಗೀತರಚನೆಕಾರರ ಪಟ್ಟಿ ಬಂದಾಗಲೆಲ್ಲ ಯಾರು ಮೇಲೆ, ಯಾರು ಕೆಳಗೆ ಎಂದೇ ಜಗಳ. ಎಣಿಸಿದ್ದು ಹೇಗೆ ಎಂದು ಕೇಳುವವರು ಕಡಿಮೆ.

ಪಾಶ್ಚಾತ್ಯ ಪಾಪ್ ಸಂಗೀತದಲ್ಲಿ ಹಳೆಯ ಅಳತೆಗೋಲು ಮಾರಾಟ. ಮೊದಲು ಸ್ವರಲಿಪಿಯ ಹಾಳೆಗಳು, ಆಮೇಲೆ ರೆಕಾರ್ಡುಗಳು. 1958ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ವಾರದ ಜನಪ್ರಿಯ ಹಾಡುಗಳ ಪಟ್ಟಿ 'ಹಾಟ್ 100' ಶುರುವಾದ ಮೇಲೆ ಯಾರಿಗೆ ಎಷ್ಟು ನಂಬರ್ ಒನ್ ಹಾಡು ಎಂಬ ಲೆಕ್ಕ ಸುಲಭವಾಯಿತು. ಆದರೆ 1998ರ ಕೊನೆಯವರೆಗೆ ಸಿಂಗಲ್ ಆಗಿ, ಅಂದರೆ ಆಲ್ಬಮ್‌ನಿಂದ ಬೇರೆಯಾಗಿ, ಮಾರಾಟಕ್ಕೆ ಬಾರದ ಹಾಡಿಗೆ ಅಲ್ಲಿ ಜಾಗವಿರಲಿಲ್ಲ. ಲೆಡ್ ಜೆಪ್ಲಿನ್ ತಂಡದ 'ಸ್ಟೇರ್‌ವೇ ಟು ಹೆವನ್' ಆಗ ಆ ಪಟ್ಟಿ ಏರದಿದ್ದುದು ಇದೇ ಕಾರಣಕ್ಕೆ.

ಇದಕ್ಕಿಂತ ದೊಡ್ಡ ತೊಡಕು ಹಾಡಿನ ಕೆಳಗಿನ ಹೆಸರು. ಬೀಟಲ್ಸ್ ತಂಡದ 'ಯೆಸ್ಟರ್‌ಡೇ' ಬರೆದದ್ದು ಪಾಲ್ ಮೆಕಾರ್ಟ್ನಿ. ಒಪ್ಪಂದದ ಪ್ರಕಾರ ತಂಡದ ಜೊತೆಗಾರ ಜಾನ್ ಲೆನನ್ ಹೆಸರೂ ಇದೆ. 1965ರಲ್ಲಿ ಅದು ಅಮೆರಿಕದಲ್ಲಿ ನಂಬರ್ ಒನ್ ಆದಾಗ ಲೆಕ್ಕ ಇಬ್ಬರ ಖಾತೆಗೂ ಸೇರಿತು. ಮಾರ್ಕ್ ರಾನ್ಸನ್ ಮತ್ತು ಬ್ರೂನೊ ಮಾರ್ಸ್ ಅವರ 'ಅಪ್‌ಟೌನ್ ಫಂಕ್' ಬಿಡುಗಡೆಯಾದ ಮೇಲೆ, ಹಳೆಯ ಹಾಡೊಂದರ ಹೋಲಿಕೆಯ ತಕರಾರಿನಿಂದಾಗಿ ಇನ್ನಷ್ಟು ಹೆಸರು ಸೇರಿ, ರಚನೆಕಾರರು 11 ಮಂದಿಯಾದರು. ಅಂದರೆ ಹಾಡಿನ ಕೆಳಗಿನ ಹೆಸರುಗಳ ಸಾಲು ಹೇಳುವುದು ಹಣ ಯಾರಿಗೆ ಹೋಗಬೇಕೆಂಬುದನ್ನು. ರಾಗ ಯಾರಿಗೆ ಹೊಳೆಯಿತು ಎಂಬುದನ್ನಲ್ಲ.

ಗೀತರಚನೆಕಾರರನ್ನು ಗೌರವಿಸಲು 1969ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಸಾಂಗ್‌ರೈಟರ್ಸ್ ಹಾಲ್ ಆಫ್ ಫೇಮ್ ಎಂಬ ಸಂಸ್ಥೆ ಎಣಿಕೆಯ ಈ ಗೋಜಿಗೆ ಹೋಗಲಿಲ್ಲ. ಮೊದಲ ಹಾಡು ಮಾರುಕಟ್ಟೆಗೆ ಬಂದು 20 ವರ್ಷವಾದವರನ್ನು ಪರಿಗಣಿಸುತ್ತದೆ, ಕ್ರಮಾಂಕ ಕೊಡುವುದಿಲ್ಲ. ಜಾಣತನವೇ ಸರಿ. ರೋಲಿಂಗ್ ಸ್ಟೋನ್ ಪತ್ರಿಕೆ 2015ರಲ್ಲಿ ನೂರರ ಪಟ್ಟಿ ಮಾಡಿ ಬಾಬ್ ಡಿಲನ್‌ಗೆ ಮೊದಲ ಸ್ಥಾನ ಕೊಟ್ಟಿತು. ರೋಲಿಂಗ್ ಸ್ಟೋನ್ಸ್ ತಂಡದ ಜೋಡಿ ಮಿಕ್ ಜ್ಯಾಗರ್ ಮತ್ತು ಕೀತ್ ರಿಚರ್ಡ್ಸ್ ಅಲ್ಲಿ ಒಂದೇ ನಮೂದು. ಆದರೆ ಮೆಕಾರ್ಟ್ನಿ ಎರಡನೆಯವರು, ಲೆನನ್ ಮೂರನೆಯವರು. ಜೋಡಿಯನ್ನು ಎಲ್ಲಿ ಒಡೆಯಬೇಕು ಎಂಬ ನಿಯಮ ಮತದಾನಕ್ಕೆ ಮೊದಲೇ ಗೊತ್ತಾಗಬೇಕು.

ಮತ ಎಣಿಕೆಯದು ಬೇರೆಯೇ ಕಥೆ. ಒಂಬತ್ತು ಜನ ತಲಾ 20 ಹೆಸರು ಬರೆದರು, ಮೊದಲನೆಯದಕ್ಕೆ 20 ಅಂಕ, ಕೊನೆಯದಕ್ಕೆ 1 ಎಂದಿಟ್ಟುಕೊಳ್ಳಿ. ಎಲ್ಲರಲ್ಲೂ 12ನೆಯವರಾಗಿ ಕಂಡವರಿಗೆ 81 ಅಂಕ. ಮೂವರಿಗೆ ಅತಿ ಶ್ರೇಷ್ಠ ಎನಿಸಿ ಉಳಿದ ಆರು ಜನ ಹೆಸರೇ ಬರೆಯದವರಿಗೆ 60. ಯಾರಿಗೂ ಅಷ್ಟೇನೂ ಪ್ರಿಯವಲ್ಲದ, ಎಲ್ಲರಿಗೂ ಗೊತ್ತಿರುವ ಹೆಸರು ಗೆದ್ದಿತು. ಮೊದಲ ಸ್ಥಾನಕ್ಕೆ 1, ಎರಡನೆಯದಕ್ಕೆ ಅರ್ಧ, 12ನೆಯದಕ್ಕೆ ಹನ್ನೆರಡನೇ ಒಂದು ಭಾಗ ಎಂದು ಎಣಿಸಿದರೆ ಅದೇ ಮತಗಳಲ್ಲಿ ಫಲಿತಾಂಶ ತಿರುಗುಮುರುಗು: 0.75ಕ್ಕೆ ಎದುರಾಗಿ 3. ಪಟ್ಟಿಯ ಜೊತೆಗೆ ಅಂಕದ ಸೂತ್ರವನ್ನೂ ಪ್ರಕಟಿಸಿದರೆ ಓದುಗರೇ ಎರಡೂ ಬಗೆಯಲ್ಲಿ ಕೂಡಿ ನೋಡಬಹುದು.